ಕ್ರಿಸ್‌ಮಸ್ ಪ್ರಣಯ ಚಿತ್ರಗಳು

ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಕಥೆಯೆಂದೊಡನೆ ಮೂಗು ಮುರಿಯುವುದು ವಿದ್ಯಾವಂತರಲ್ಲಿ ರೂಢಿಯಾಗಿದೆ. ಅಮೆರಿಕದಲ್ಲಿ ದೂರದರ್ಶನಕ್ಕೆಂದೇ ವರ್ಷೇವರ್ಷೇ ನಿರ್ಮಿತವಾಗುವ ಕ್ರಿಸ್‌ಮಸ್ ಪ್ರಣಯ ಚಿತ್ರಗಳು ಈ ತಿರಸ್ಕಾರಕ್ಕೆ ವಿಶೇಷವಾಗಿ ಪಾತ್ರವಾಗಿವೆ. ಹಳಿಯುತ್ತಲೇ ನೋಡುವವರೂ ಕಡಮೆಯಿಲ್ಲ. ಈ ಚಿತ್ರಗಳಲ್ಲಿ ದೋಷವುಂಟು. ಆದರೆ ಜನರು ತೋರಿಸುವ ಎಡೆಯಲ್ಲಿ ಅದಿಲ್ಲವೆಂಬುದು ನನ್ನ ಅಭಿಪ್ರಾಯ.

ಈ ಚಿತ್ರಗಳ ತೌರುಮನೆ ಹಾಲ್‌ಮಾರ್ಕ್ ಎಂಬ ಸಂಸ್ಥೆ. ೧೯೧೦ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಹುಟ್ಟಿದ ಈ ಶುಭಾಶಯಪತ್ರದ ವ್ಯಾಪಾರವು ೨೦೦೧ರಲ್ಲಿ ತನ್ನ ಹೆಸರಿನ ದೂರದರ್ಶನ ವಾಹಿನಿಯನ್ನು ತೆರೆಯಿತು. ೨೦೦೯ರಿಂದ ಹಬ್ಬಕ್ಕೆ ವಾರಗಟ್ಟಲೆ ಮುಂಚೆಯೇ ಈ ಚಿತ್ರಗಳ ಸರಣಿಯನ್ನು ಆರಂಭಿಸುವ ಪದ್ಧತಿಯನ್ನಿಟ್ಟಿತು. ೨೦೧೯ರ ಒಂದೇ ಹಬ್ಬಕ್ಕೆ ಹೊಸ ಚಿತ್ರಗಳು ಸುಮಾರು ೪೦. ಕಥೆಯೋ ಬಹುಮಟ್ಟಿಗೆ ಒಂದೇ. ಮಹಾನಗರದಲ್ಲಿ ಉದ್ಯೋಗವೇ ಸರ್ವಸ್ವವೆಂದು ಬಾಳುವ ತರುಣಿಯೊಬ್ಬಳು ಡಿಸೆಂಬರ್ ತಿಂಗಳಲ್ಲಿ ಯಾವುದೋ ಕಾರಣದಿಂದ ಸಣ್ಣ ಊರಿಗೆ ಬರುತ್ತಾಳೆ. ಅಲ್ಲಿ ಒಬ್ಬ ಬಡಗಿಯೋ, ವಿಧುರನಾದ ತಂದೆಯೋ, ಕ್ರಿಸ್‌ಮಸ್ ಮರಗಳ ತೋಟದವನೋ ಅವಳ ಕಣ್ಣಿಗೆ ಬೀಳುತ್ತಾನೆ. ಬಿಸ್ಕತ್ತು ಸುಡುವುದು, ಮರಕ್ಕೆ ದೀಪ ಹಚ್ಚುವುದು, ಕೊನೆಗೆ ಒಂದು ಸಣ್ಣ ಅಪಾರ್ಥ, ಅದರ ಪರಿಹಾರ, ಹಿಮಪಾತ, ಚುಂಬನ. ಹಿಮದ ಮಾತು ಬಂದುದರಿಂದ ಹೇಳುತ್ತೇನೆ: ಈ ಚಿತ್ರಗಳಲ್ಲಿ ಅನೇಕವನ್ನು ಕೆನಡಾ ದೇಶದಲ್ಲಿ, ಬೇಸಗೆಯಲ್ಲಿಯೇ, ಕೃತಕ ಹಿಮ ಹರಡಿ ತೆಗೆಯುತ್ತಾರೆ. ಸೂಕ್ಷ್ಮವಾಗಿ ನೋಡಿದರೆ ಮಾತನಾಡುವವರ ಬಾಯಿಂದ ಹಬೆ ಹೊರಡದಿರುವುದು ತಿಳಿಯುತ್ತದೆ.

ಮುಗಿವು ಮೊದಲೇ ತಿಳಿದಿರುವುದೊಂದು ದೋಷವೇ? ಹಾಗೆಂದರೆ ನಮ್ಮ ನಾಟಿಕೆಗಳನ್ನೆಲ್ಲ ಗಂಟುಕಟ್ಟಿ ಅಟ್ಟಕ್ಕೆ ಹಾಕಬೇಕಾದೀತು. ಹರ್ಷನ ರತ್ನಾವಳಿಯೂ ಪ್ರಿಯದರ್ಶಿಕೆಯೂ ನಾಲ್ಕು ನಾಲ್ಕು ಅಂಕದ ಅವಳಿಗಳು: ಎರಡರಲ್ಲಿಯೂ ನಾಯಕನು ವತ್ಸರಾಜನೇ, ರಾಣಿಯು ವಾಸವದತ್ತೆಯೇ, ಅಂತಃಪುರದ ಪರಿಚಾರಿಕೆಯು ಕೊನೆಗೆ ರಾಜಪುತ್ರಿಯೇ. ಸಾಗರಿಕೆಯು ಯಾರೆಂಬುದು ಸಭಿಕನಿಗೆ ಮೊದಲೇ ತಿಳಿದಿದೆ. ತಿಳಿದದ್ದೇ ಹೇಗೆ ಬಂದು ಕೂಡುವುದೆಂಬ ಕುತೂಹಲವು ರಸಕ್ಕೆ ವಿರೋಧಿಯಲ್ಲ.

ಇವುಗಳ ಆಕರ್ಷಣೆಯ ಮೂಲವೂ ಇಲ್ಲಿಯೇ ಇದೆ. ಶುಭಾಶಯಪತ್ರವನ್ನು ಸಾವಿರಾರು ಜನರು ಕೊಳ್ಳುತ್ತಾರೆ. ಅದರೊಳಗಿನ ಮಾತು ಎಲ್ಲರಿಗೂ ಒಂದೇ. ಕೆಳಗೆ ಹೆಸರು ಬರೆದಾಗಲೇ ಅದು ಒಬ್ಬರ ಪತ್ರವಾಗುತ್ತದೆ. ಈ ಚಿತ್ರಗಳನ್ನು ನೋಡುವವರೂ ಹಾಗೆಯೇ ತಮ್ಮ ಹೆಸರನ್ನು ತಾವೇ ಬರೆದುಕೊಳ್ಳುತ್ತಾರೆ. ಅಮೆರಿಕದಲ್ಲಿ ದಾದಿಯಾಗಿರುವ ನನ್ನ ಮಗಳು ರಾತ್ರಿಯ ಪಾಳಿ ಮುಗಿಸಿ ಬಂದು ಇವುಗಳಲ್ಲೊಂದನ್ನು ಹಾಕಿಕೊಂಡು ಕೂರುವುದನ್ನು ನಾನು ಕಂಡಿದ್ದೇನೆ. "ಇದರಲ್ಲಿ ಯಾರೂ ಸಾಯುವುದಿಲ್ಲ, ಅಪ್ಪಾ" ಎಂದಳು. ಆ ಮಾತಿಗೆ ಅಲಂಕಾರಶಾಸ್ತ್ರದಲ್ಲಿ ಉತ್ತರವಿದೆಯೆಂದು ನನಗೆ ತೋರಲಿಲ್ಲ.

ದೋಷವಿರುವುದು ಬೇರೆ ಕಡೆ. ರತ್ನಾವಳಿಯ ಮೂರನೆಯ ಅಂಕವನ್ನು ನೆನೆಯಬೇಕು. ರಾಣಿಯ ವೇಷ ಧರಿಸಿ ಸಾಗರಿಕೆಯು ಬರುವಳೆಂದು ಕಾದಿರುವ ರಾಜನ ಎದುರಿಗೆ ನಿಜವಾದ ರಾಣಿಯೇ ಬಂದು ನಿಲ್ಲುತ್ತಾಳೆ. ಇನ್ನೊಬ್ಬಳಿಗೆ ಸಲ್ಲಬೇಕಾದ ಪ್ರೇಮದ ಮಾತುಗಳನ್ನು ಆಕೆ ತನ್ನ ಕಿವಿಯಿಂದಲೇ ಕೇಳುತ್ತಾಳೆ. ಬಳಿಕ ಸಾಗರಿಕೆಗೆ ಸಂಕೋಲೆ ತೊಡಿಸುವವಳೂ ಅವಳೇ. ಅರಮನೆಗೆ ಬೆಂಕಿ ಬಿದ್ದಿತೆಂದಾಗ ಅವಳನ್ನು ಕಾಪಾಡೆಂದು ರಾಜನನ್ನು ಬೇಡುವವಳೂ ಅವಳೇ. ಸೂತ್ರಬದ್ಧವಾದ ಲಘು ನಾಟಿಕೆಯಲ್ಲಿ ಕೂಡ ಕವಿಯು ನೋವುಂಡವಳಿಗೆ ಇಷ್ಟು ಎಡೆಮಾಡಿಕೊಟ್ಟನು. ಕ್ರಿಸ್‌ಮಸ್ ಚಿತ್ರದಲ್ಲಿ ನಾಯಿಕೆಯು ಬಿಟ್ಟುಬರುವ ಪೂರ್ವಪ್ರಿಯನಿಗೆ ಈ ಮರ್ಯಾದೆಯಿಲ್ಲ. ಅವನು ಫೋನನ್ನು ಕೆಳಗಿಡದವನು, ಹಬ್ಬವೆಂದರೆ ಆಸಕ್ತಿಯಿಲ್ಲದವನು. ಅವನನ್ನು ತ್ಯಜಿಸಿದರೆ ಯಾರಿಗೂ ನೋಯಬಾರದೆಂದೇ ಅವನನ್ನು ಹುಲ್ಲಿನಿಂದ ಕಟ್ಟಿರುತ್ತಾರೆ. ಉದ್ಯೋಗದ ಗತಿಯೂ ಅದೇ. 'ಕ್ರಿಸ್‌ಮಸ್ ಅಂಡರ್ ರ್ಯಾಪ್ಸ್' (೨೦೧೪) ಎಂಬ ಚಿತ್ರದ ವೈದ್ಯೆಯು ಬಾಸ್ಟನ್ನಿನಲ್ಲಿ ತಾನು ಬಯಸಿದ ಶಸ್ತ್ರವೈದ್ಯದ ಸ್ಥಾನವು ದೊರೆಯದೆ ಅಲಾಸ್ಕದ ಗಾರ್ಲೆಂಡ್ ಎಂಬ ಹಳ್ಳಿಗೆ ಹೋಗುತ್ತಾಳೆ. ಕಡೆಗೆ ಆ ಸ್ಥಾನವೇ ಅವಳನ್ನು ಅರಸಿ ಬಂದಾಗ ಹಳ್ಳಿಯಲ್ಲಿಯೇ ನಿಲ್ಲುತ್ತಾಳೆ. ನಿಲ್ಲಲಿ, ನನ್ನ ಆಕ್ಷೇಪವಿಲ್ಲ. ಆದರೆ ವರ್ಷಗಟ್ಟಲೆ ಕಷ್ಟಪಟ್ಟು ಕಲಿತ ಕೈಯೊಂದು ತನ್ನ ಕೆಲಸವನ್ನು ಬಿಡುವಾಗ ಏನೂ ನಡುಗುವುದಿಲ್ಲವೆ? ಕಳೆದುಕೊಂಡುದಕ್ಕೆ ಬೆಲೆಯಿಲ್ಲದಿದ್ದರೆ ಪಡೆದುದಕ್ಕೂ ಬೆಲೆ ಹುಟ್ಟದು. ದಣಿದವರಿಗೆ ಸಾಂತ್ವನ ಹೇಳಹೊರಟ ಕಥೆಯು ದಣಿವು ಎಂಬುದೇ ಇಲ್ಲವೆಂದು ನಟಿಸಿದರೆ ಆ ಸಾಂತ್ವನವು ಮರುದಿನದ ಪಾಳಿಯವರೆಗೂ ಬಾಳುವುದಿಲ್ಲ.

ಇದು ಹಬ್ಬದ ಕಥೆಗೆ ಅನಿವಾರ್ಯವೇನಲ್ಲ. ೧೯೫೧ರ ಡಿಸೆಂಬರ್ ೨೪ರಂದು ಇದೇ ಹಾಲ್‌ಮಾರ್ಕ್ ಸಂಸ್ಥೆಯ ಪೋಷಣೆಯಲ್ಲಿ ಮೆನೋಟಿಯ 'ಅಮಾಲ್ ಅಂಡ್ ದಿ ನೈಟ್ ವಿಸಿಟರ್ಸ್' ಎಂಬ ಗೀತನಾಟಕವು ದೂರದರ್ಶನದಲ್ಲಿ ಪ್ರಸಾರವಾಯಿತು. ಕ್ರಿಸ್ತಶಿಶುವನ್ನು ಕಾಣಲು ಹೊರಟ ಮೂವರು ರಾಜರು ಕುಂಟ ಬಾಲಕನೊಬ್ಬನ ಗುಡಿಸಿಲಿನಲ್ಲಿ ತಂಗುತ್ತಾರೆ. ಅವರು ನಿದ್ರಿಸುವಾಗ ಬಾಲಕನ ತಾಯಿಯು ಮಗನ ಹಸಿವನ್ನು ನೆನೆದು ಅವರ ಚಿನ್ನಕ್ಕೆ ಕೈಯಿಡುತ್ತಾಳೆ. ಕಳವು ಮಾಡುವ ತಾಯಿ, ಊರುಗೋಲನ್ನೇ ಕಾಣಿಕೆಯಾಗಿ ಕೊಡಮುಂದಾಗುವ ಮಗ! ಅದೂ ಸುಖಾಂತವೇ, ಆದರೆ ಆ ಸುಖವು ಹಸಿವಿನ ಮನೆಯೊಳಗೆ ಹಾದು ಬಂದುದು. ಇಂದಿನ ಚಿತ್ರಗಳಲ್ಲಿ ಸಾಲದ ಭಾರಕ್ಕೆ ಮುಚ್ಚಿಹೋಗಲಿರುವ ರೊಟ್ಟಿಯಂಗಡಿಯು ಒಂದು ಸಂಜೆಯ ಸಂತೆಯಿಂದ ಉಳಿದುಬಿಡುತ್ತದೆ. ಜನವರಿಯ ಬಾಡಿಗೆಯ ಮಾತನ್ನು ಯಾರೂ ಎತ್ತುವುದಿಲ್ಲ.

ಈ ಜಾತಿಯಲ್ಲಿ ಒಂದನ್ನು ಮಾತ್ರ ನೋಡುವಷ್ಟು ವಿರಾಮವುಳ್ಳವರಿಗೆ ೨೦೦೬ರ 'ದಿ ಕ್ರಿಸ್‌ಮಸ್ ಕಾರ್ಡ್' ಎಂಬುದನ್ನು ಹೇಳಬಲ್ಲೆ. ಆಫ್ಘಾನಿಸ್ತಾನದಲ್ಲಿದ್ದ ಸೈನಿಕನೊಬ್ಬನು ತನಗೆ ಬಂದ ಅಪರಿಚಿತಳ ಶುಭಾಶಯಪತ್ರದ ಜಾಡು ಹಿಡಿದು ಕ್ಯಾಲಿಫೋರ್ನಿಯದ ನೆವಾಡಾ ಸಿಟಿಗೆ ಬರುವ ಕಥೆ. ಅಚ್ಚು ಇಲ್ಲಿಯೂ ಹಳೆಯದೇ, ಪೂರ್ವಪ್ರಿಯನೂ ಉಂಟು. ಆದರೆ ನಾಯಿಕೆಯ ತಂದೆಯಾಗಿ ದಿವಂಗತ ಎಡ್ ಆಸ್ನರ್ ಅಭಿನಯಿಸಿದ್ದಾರೆ. ಈ ಪಾತ್ರಕ್ಕಾಗಿ ೨೦೦೭ರಲ್ಲಿ ಅವರ ಹೆಸರು ಎಮ್ಮಿ ಪ್ರಶಸ್ತಿಗೆ ಸೂಚಿತವಾಗಿತ್ತು. ಆ ಮುದುಕನು ತೆರೆಯ ಮೇಲಿರುವಷ್ಟು ಹೊತ್ತು ಆ ಮನೆಯಲ್ಲಿ ನಿಜವಾಗಿಯೂ ಯಾರೋ ವಾಸವಾಗಿದ್ದಾರೆಂದು ತೋರುತ್ತದೆ.