ನರಿಗೆ ಯಾವ ಕ್ಯಾಲಿಬರ್: .22-250ರ ಅತಿಕೀರ್ತಿ

ನರಿ ನಿಯಂತ್ರಣದ ರೈಫಲ್ ಎಂದರೆ .22-250 ರೆಮಿಂಗ್ಟನ್ ಎಂಬ ಮಾತು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಮಟ್ಟಿಗೆ ನಿಲ್ಲುವುದಿಲ್ಲ. ರೆಮಿಂಗ್ಟನ್ ಕಂಪನಿ 1965ರಲ್ಲಿ ಮಾರುಕಟ್ಟೆಗೆ ತಂದ ಈ ತೋಟಾ 55 ಗ್ರೇನ್ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 1,120 ಮೀಟರ್ ವೇಗದಲ್ಲಿ ಹಾರಿಸುತ್ತದೆ. ಬ್ರಿಟನ್, ಆಸ್ಟ್ರೇಲಿಯಾಗಳ ಬಯಲಿನಲ್ಲಿ ರಾತ್ರಿ ದೀಪ ಹಾಯಿಸಿ 250 ಮೀಟರ್ ಆಚೆಯ ನರಿಗೆ ಗುರಿಯಿಡುವವರಿಗೆ ಆ ವೇಗ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಈ ಕ್ಯಾಲಿಬರಿನ ಕೀರ್ತಿ ಬೆಳೆದದ್ದೂ ಅಂಥ ನೆಲದಲ್ಲೇ.

ಕೊಲ್ಲಿಯ ಕಥೆ ಬೇರೆ. ಇಲ್ಲಿನ ತಗ್ಗುನೆಲದ ಕೆಂಪು ನರಿ ಹೊರಗಿನಿಂದ ಬಂದದ್ದು. ತುಪ್ಪಳದ ಸಾಕಣೆಗೆ, ಬೇಟೆಗೆ ತಂದವು ತಪ್ಪಿಸಿಕೊಂಡು ಹರಡಿದವು. 1980ರ ದಶಕದಲ್ಲಿ ಅವು ದಕ್ಷಿಣ ಕೊಲ್ಲಿಯ ಉಪ್ಪು ಜೌಗಿಗೆ ಇಳಿದು, ಅಳಿವಿನಂಚಿನ ರಿಡ್ಜ್‌ವೇ ರೈಲ್ ಹಕ್ಕಿಯ ಮೊಟ್ಟೆ, ಮರಿಗಳಿಗೆ ಕುತ್ತಾದವು. ಈಗ ಡಾನ್ ಎಡ್ವರ್ಡ್ಸ್ ಹೆಸರಿನಲ್ಲಿರುವ ವನ್ಯಜೀವಿ ಆಶ್ರಯಧಾಮ 1991ರಲ್ಲಿ ಪರಭಕ್ಷಕ ನಿಯಂತ್ರಣಕ್ಕೆ ಕೈಹಾಕಿತು. ಕಾಲುಹಿಡಿ ಬೋನುಗಳನ್ನು ನಿಷೇಧಿಸಿದ 1998ರ ಜನಮತ, ಅದರ ವಿರುದ್ಧ ಆಡುಬಾನ್ ಸೊಸೈಟಿ ಹೂಡಿದ ಮೊಕದ್ದಮೆ, 2002ರ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ತೀರ್ಪು ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಕ್ಯಾಲಿಬರ್ ಪಂಡಿತರು ಮರೆಯುವುದು ಇನ್ನೊಂದನ್ನು: ಕ್ಯಾಲಿಫೋರ್ನಿಯಾದಲ್ಲಿ ಹವ್ಯಾಸಿ ಬೇಟೆಗಾರನಿಗೆ ಕೆಂಪು ನರಿಯನ್ನು ಯಾವ ಕಾಲದಲ್ಲೂ ಹೊಡೆಯಲು ಅನುಮತಿಯಿಲ್ಲ. ಆಯ್ಕೆಯ ಪ್ರಶ್ನೆ ಏಳುವುದು ನಿಯಂತ್ರಣದ ಅಧಿಕೃತ ಹೊಣೆ ಹೊತ್ತವರಿಗೆ ಮಾತ್ರ.

ಅವರು ನಿಲ್ಲುವ ಜಾಗವನ್ನು ನೋಡಬೇಕು. ಉಪ್ಪಿನ ಮಡಿಗಳ ನಡುವೆ ಮಣ್ಣಿನ ಏರಿ, ಎರಡೂ ಬದಿ ನೀರು ಇಲ್ಲವೇ ಕೆಸರು. ಆಚೆಗೆ ಫ್ರೀಮಾಂಟ್, ಆಲ್ವಿಸೊಗಳ ಮನೆ, ಕಚೇರಿ, ಕನ್ನಡ ಕುಟುಂಬಗಳೂ ಸಂಜೆ ಅಡ್ಡಾಡುವ ಬೇ ಟ್ರೇಲ್. ರೈಫಲ್ ನೆಲಮಟ್ಟದಿಂದ 3 ಮೀಟರ್ ಎತ್ತರದಲ್ಲಿದೆ, ನರಿಯ ಎದೆ 30 ಸೆಂಟಿಮೀಟರ್ ಎತ್ತರದಲ್ಲಿದೆ, ನಡುವೆ 100 ಮೀಟರ್ ಅಂತರ ಎನ್ನೋಣ. ಗುಂಡು ಇಳಿಯುವ ಓರೆ ಒಂದೂವರೆ ಡಿಗ್ರಿ. ಬೆನ್ನ ಮೇಲಿಂದ ತಪ್ಪಿಹೋದ ಗುಂಡು ಹದಿನೈದು ಮೀಟರ್ ಆಚೆ ನೀರಿಗೆ ತಾಗುತ್ತದೆ, ತಾಗುವ ಓರೆಯೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ಸಪಾಟಾಗಿ ತಾಗಿದ ಗಟ್ಟಿ ಗುಂಡು ನೀರಲ್ಲಿ ಮುಳುಗುವುದಿಲ್ಲ, ಪುಟಿದು ಹೋಗುತ್ತದೆ. ಅದನ್ನು ತಡೆಯಲು ಹಿಂದೆ ಗುಡ್ಡವೂ ಇಲ್ಲ. ಜನವಸತಿಯ ಕಟ್ಟಡದಿಂದ 150 ಗಜದೊಳಗೆ ಅನುಮತಿಯಿಲ್ಲದೆ ಗುಂಡು ಹಾರಿಸಬಾರದೆಂಬ ರಾಜ್ಯದ ನಿಯಮವನ್ನು ಪಾಲಿಸಿದ ಮಾತ್ರಕ್ಕೆ ಈ ಅಪಾಯ ನೀಗುವುದಿಲ್ಲ.

ಇಲ್ಲಿ ವೇಗದ ಲಾಭವೆಷ್ಟು? 1,740 ಜೌಲ್‌ನ .223 ರೆಮಿಂಗ್ಟನ್ ಮತ್ತು 2,240 ಜೌಲ್‌ನ .22-250, ಎರಡನ್ನೂ 100 ಮೀಟರಿಗೆ ಹೊಂದಿಸಿದರೆ 150 ಮೀಟರಿನಲ್ಲಿ ಅವುಗಳ ಇಳಿತದ ಅಂತರ ಒಂದೆರಡು ಸೆಂಟಿಮೀಟರ್. ನರಿಯ ಮರ್ಮಸ್ಥಾನವೇ ಹತ್ತು ಸೆಂಟಿಮೀಟರ್ ಅಗಲ. ನಾಲ್ಕೈದು ಕಿಲೋ ತೂಕದ ಪ್ರಾಣಿಗೆ .223 ಈಗಾಗಲೇ ಬೇಕಾದದ್ದಕ್ಕಿಂತ ಹೆಚ್ಚು. ಉಳಿದ 500 ಜೌಲ್ ಸದ್ದನ್ನೂ ನಳಿಗೆಯ ಸವೆತವನ್ನೂ ಹೆಚ್ಚಿಸುತ್ತದೆ, ಬೇರೇನನ್ನೂ ಅಲ್ಲ. ಜೌಲ್ ಪಟ್ಟಿ ನೋಡಿ ತೋಟಾಗಳಿಗೆ ಅಂಕ ಹಾಕುವ ಲೇಖಕರು ಗುಂಡಿನ ಒಡಲನ್ನು ನೋಡಿದ್ದರೆ ವಾದ ಇಷ್ಟು ಬೆಳೆಯುತ್ತಿರಲಿಲ್ಲ.

ಸೀಸದ ತಂಟೆ ಇಲ್ಲಿಗೇ ಬಂದು ಸೇರುತ್ತದೆ. 2013ರ ಕಾಯ್ದೆಯಂತೆ 2019ರ ಜುಲೈ 1ರಿಂದ ರಾಜ್ಯದಲ್ಲಿ ವನ್ಯಜೀವಿಗೆ ಹೊಡೆಯುವ ಗುಂಡು ಸೀಸರಹಿತವಾಗಿರಬೇಕು. ಶಾಸನಬದ್ಧ ಕರ್ತವ್ಯದಲ್ಲಿರುವ ಸರ್ಕಾರಿ ಸಿಬ್ಬಂದಿಗೆ ವಿನಾಯಿತಿಯಿದೆ. ರೈಲ್ ಹಕ್ಕಿಯನ್ನು ಉಳಿಸಲೆಂದು ಹೊರಟವರು ಹದ್ದು ಕುಕ್ಕುವ ಕಳೇಬರದಲ್ಲಿ ಸೀಸ ಬಿಟ್ಟುಬಂದರೆ ಆ ವಿನಾಯಿತಿಗೆ ಅರ್ಥವಿಲ್ಲ. ತಾಮ್ರ ಕೊಲ್ಲುವುದಿಲ್ಲವೆಂಬ ಗೊಣಗಾಟ ಹಳತು, ತಪ್ಪು ಕೂಡ. ಅದಕ್ಕೆ ಉತ್ತರ ಕೊಡುವವರದೂ ಅರ್ಧಸತ್ಯ: ತಾಮ್ರವೆಂದರೆ ಒಂದೇ ಬಗೆಯಲ್ಲ. ಏಕಶಿಲೆಯಂಥ ತಾಮ್ರದ ಗುಂಡು ತೂಕಕ್ಕೆ ಉದ್ದವಾಗಿದ್ದು, ಸ್ಥಿರವಾಗಿ ಹಾರಲು ಬಿಗಿ ಸುರುಳಿಯ ನಳಿಗೆ ಬೇಡುತ್ತದೆ. ಹಳೆಯ .22-250 ರೈಫಲ್‌ಗಳ ಸುರುಳಿ ಬಹುಪಾಲು 14 ಇಂಚಿಗೆ ಒಂದು ಸುತ್ತು, ಅಂದರೆ ತೀರಾ ಸಡಿಲ. ಮೇಲಾಗಿ ಅಂಥ ಗುಂಡು ನರಿಯ ಮೈ ತೂರಿಯೂ ಒಡೆಯದೆ ಮುಂದೆ ಸಾಗಬಹುದು. ಹಾರ್ನಡಿಯ 35 ಗ್ರೇನ್ ಎನ್‌ಟಿಎಕ್ಸ್, ಬಾರ್ನ್ಸ್‌ನ 36 ಗ್ರೇನ್ ವಾರ್ಮಿಂಟ್ ಗ್ರೆನೇಡ್ ಪುಡಿಯಾಗುವ ಒಡಲಿನವು. ಮೈಯೊಳಗೇ ಚೂರಾಗುತ್ತವೆ, ತಪ್ಪಿ ನೆಲಕ್ಕೆ ತಾಗಿದರೂ ಒಡೆಯುವ ಸಾಧ್ಯತೆಯೇ ಹೆಚ್ಚು. ಖಾತರಿಯಂತೂ ಅಲ್ಲ, ಹಿಂದೆ ಏರಿಯ ಮಣ್ಣು ಕಾಣದಿದ್ದರೆ ಕುದುರೆ ಎಳೆಯಬಾರದು.

ಇಂಥ ಗುಂಡು ತುಂಬಿದ .223 ಕೊಲ್ಲಿಗೆ ತಕ್ಕ ಆಯ್ಕೆ. 1930ರ .22 ಹಾರ್ನೆಟ್ ಸುಮಾರು 1,000 ಜೌಲ್‌ನಲ್ಲಿ, ಕಡಿಮೆ ಸದ್ದಿನಲ್ಲಿ, 120 ಮೀಟರಿನೊಳಗೆ ಅದೇ ಕೆಲಸ ಮಾಡುತ್ತದೆ. ವಿಮರ್ಶಕರು ಅದನ್ನು ಮುದಿ ತೋಟಾ ಎಂದು ಬದಿಗಿಟ್ಟಿದ್ದು ಅನ್ಯಾಯ. 330 ಜೌಲ್‌ನ .17 ಎಚ್‌ಎಂಆರ್ ಗಾಳಿಗೆ ಬಾಗುತ್ತದೆ, ಕೊಲ್ಲಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ತಪ್ಪುವುದಿಲ್ಲ. .22 ಎಲ್‌ಆರ್ ದೂರದ ನರಿಯನ್ನು ಗಾಯಗೊಳಿಸಿ ಬಿಟ್ಟುಬಿಡುತ್ತದೆ. ಬೋನಿಗೆ ಬಿದ್ದ ನರಿಯ ತಲೆಗೆ ಹತ್ತಿರದಿಂದ ಹೊಡೆಯಲು ಮಾತ್ರ ಅದು ಸಾಕು, ಹೆಚ್ಚಿನ ಯಾವ ಕ್ಯಾಲಿಬರೂ ಅಲ್ಲಿ ಬೇಡ.

ದುರ್ಬೀನಿನ ವಿಷಯಕ್ಕೆ ಈ ಚರ್ಚೆಗಳಲ್ಲಿ ಸಿಗುವುದು ಒಂದೆರಡು ಸಾಲು. ಕೊಲ್ಲಿಯಲ್ಲಿ ನೆಲದ ಮೂಲದ ಬೂದು ನರಿಯೂ ಇದೆ, ಅದರ ಪಕ್ಕೆಯೂ ಕೆಂಪು. 2016ರ ಕೊನೆಗೆ ಶುರುವಾದ ಡಿಸ್ಟೆಂಪರ್ ರೋಗ ಪಾಲೊ ಆಲ್ಟೊ ಬೇಲ್ಯಾಂಡ್ಸ್‌ನ ಬೂದು ನರಿಗಳನ್ನು ಅಳಿಸಿಹಾಕಿತ್ತು. ಬಾಲದ ತುದಿ ಬಿಳಿಯಾದರೆ ಕೆಂಪು ನರಿ, ಕಪ್ಪಾದರೆ ಬೂದು ನರಿ. ಮುಸ್ಸಂಜೆಯಲ್ಲಿ ಆ ತುದಿಯನ್ನು ತೋರಿಸದ ದುರ್ಬೀನನ್ನು ಯಾವ ಕ್ಯಾಲಿಬರಿಗೂ ಕೂರಿಸಬಾರದು.