ಒಬ್ಬರಿಗೆ ಒಂದೇ ಸ್ವರ

ಮೊನ್ನೆ ಭಾನುವಾರ ಮಧ್ಯಾಹ್ನ ಮಗಳು ತನ್ನ ಮೊಬೈಲಿನಲ್ಲಿ ಒಂದು ಕಛೇರಿ ಹಾಕಿಕೊಟ್ಟಳು. ಕಣ್ಣು ಮುಚ್ಚಿ ಕೇಳಿದೆ. ಯಾವುದೋ ದೊಡ್ಡ ಇಗರ್ಜಿಯ ಆರ್ಗನ್ ಇರಬೇಕು ಎಂದುಕೊಂಡೆ. ಕಣ್ಣು ಬಿಟ್ಟರೆ ಸುಮಾರು ಇಪ್ಪತ್ತು ಮಂದಿ ಕಹಳೆ ಹಿಡಿದು ನಿಂತಿದ್ದಾರೆ. ಗೇಣುದ್ದದ ಕಹಳೆಯೂ ಇದೆ, ಆಳೆತ್ತರವನ್ನು ಮೀರಿದ್ದೂ ಇದೆ.

ಇದು ರಷ್ಯದ ಕಹಳೆ ಮೇಳ. ಇಲ್ಲಿ ಒಂದು ಕಹಳೆಯಿಂದ ಹೊರಡುವುದು ಒಂದೇ ಸ್ವರ. ಹಾರ್ಮೋನಿಯಂನ ಕರಿ ಮನೆ, ಬಿಳಿ ಮನೆಗಳನ್ನು ಬಿಡಿಸಿ ಒಬ್ಬೊಬ್ಬರ ಕೈಗೆ ಕೊಟ್ಟ ಹಾಗೆ. ತನ್ನ ಸ್ವರ ಬರುವವರೆಗೆ ಎಣಿಸುತ್ತ ಕಾಯಬೇಕು, ಬಂದಾಗ ಊದಬೇಕು.

1751ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇದನ್ನು ಕಟ್ಟಿದವನು ಬೊಹೀಮಿಯದಿಂದ ಬಂದ ಮಾರೆಶ್. ಆಶ್ರಯ ಕೊಟ್ಟವನು ನರಿಶ್ಕಿನ್ ಎಂಬ ಶ್ರೀಮಂತ. ಊದಿದವರು ಜಮೀನಿನ ಜೊತೆಗೇ ಸ್ವತ್ತಾಗಿದ್ದ ಜೀತದಾಳುಗಳು. 1803ರ ಸುಮಾರಿಗೆ ಇದನ್ನು ಕೇಳಿದ ಜರ್ಮನ್ ಪಿಟೀಲು ವಿದ್ವಾಂಸ ಸ್ಪೋರ್ ಅದರ ವೇಗ, ಕರಾರುವಾಕ್ಕುಗಳಿಗೆ ಬೆರಗಾದ; ಆ ಕಲಿಕೆಯ ಹಿಂದೆ ಬಿದ್ದಿರಬೇಕಾದ ಏಟುಗಳನ್ನೂ ನೆನೆದ. 1812ರ ಯುದ್ಧದ ನಂತರ ಮೇಳಗಳು ಕ್ಷೀಣಿಸಿದವು.

ಸೆರ್ಗೆಯ್ ಪೊಲ್ಯಾನಿಚ್ಕೊ 2000ರ ದಶಕದ ಆರಂಭದಲ್ಲಿ ಅದೇ ಊರಿನಲ್ಲಿ ಮೇಳ ಕಟ್ಟಿದರು. ಹೊಸದಾಗಿ ಕಹಳೆಗಳಾಗಬೇಕು, ಕೈಬಿಟ್ಟು ಹೋದ ಎಣಿಕೆಯ ವಿದ್ಯೆಯನ್ನು ಮತ್ತೆ ಕಲಿಯಬೇಕು. ಸಣ್ಣ ಸಾಹಸವಲ್ಲ. ನಿಧಾನವಾದ ಪ್ರಾರ್ಥನಾಗೀತೆಗಳಲ್ಲಿ ಈ ನಾದ ಎದೆ ತುಂಬುತ್ತದೆ. ಆದರೆ ಓಟದ ಕೃತಿಗಳಲ್ಲಿ ನನಗೆ ಗಡಿಯಾರದ ಯಂತ್ರ ನೋಡಿದಂತಾಯಿತು. ಚಮತ್ಕಾರಕ್ಕೆ ತಲೆದೂಗುತ್ತ ಸಂಗೀತವನ್ನೇ ಮರೆತೆ. ಅರಮನೆಯ ಕಾಲದ ಆ ಪೋಷಾಕೂ ಹಿಡಿಸಲಿಲ್ಲ. ಅದು ಧಣಿಯ ವೈಭವವನ್ನು ನೆನಪಿಸುತ್ತದೆಯೇ ಹೊರತು ಊದಿದವನ ಬದುಕನ್ನಲ್ಲ.

ಹೀಗೆ ತೀರ್ಪು ಕೊಡಲು ನನಗೇನು ಅಧಿಕಾರ? ಶಾಲೆಯ ವಾರ್ಷಿಕೋತ್ಸವಕ್ಕೆ ಹುಡುಗಿಯೊಬ್ಬಳಿಗೆ ಮೂರು ವರ್ಷವೂ ನಾನು ತಾಳವನ್ನೇ ಕೊಟ್ಟಿದ್ದೆ. ಅವಳ ಲಯ ಒಮ್ಮೆಯೂ ತಪ್ಪುತ್ತಿರಲಿಲ್ಲ, ನನಗೆ ಅಷ್ಟು ಸಾಕಾಗಿತ್ತು. ಏಳನೆಯ ತರಗತಿ ಮುಗಿಸಿ ಹೋಗುವ ದಿನ ಹೇಳಿದಳು: “ಟೀಚರ್, ನಂಗೂ ಹಾಡೋಕೆ ಬರ್ತಿತ್ತು.” ಯಾಕೆ ಕೇಳಲಿಲ್ಲ ಎಂದರೆ ತಲೆ ತಗ್ಗಿಸಿದಳು. ಕೇಳಬೇಕಾದವಳು ನಾನಲ್ಲವೆ?

ಅದಕ್ಕೇ ಈ ಹೊಸ ಮೇಳದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಕಣ್ಣಿಗೆ ಬೀಳುವ ಒಂದು ಸಣ್ಣ ಸಂಗತಿ. ಇಲ್ಲಿ ಒಬ್ಬ ಕಲಾವಿದ ಒಂದೇ ಕಹಳೆಗೆ ಕಟ್ಟುಬಿದ್ದಿಲ್ಲ. ಒಂದನ್ನು ಇಳಿಸಿ ಇನ್ನೊಂದನ್ನು ಎತ್ತುತ್ತಾನೆ, ಪಕ್ಕದವನತ್ತ ನೋಡುತ್ತಾನೆ, ಮತ್ತೆ ಎಣಿಸುತ್ತಾನೆ. ಕಛೇರಿ ಮುಗಿದ ಮೇಲೆ ತನ್ನ ಮನೆಗೆ ತಾನು ಹೋಗುತ್ತಾನೆ. ಹಳೆಯ ಕಲೆಯನ್ನು ಉಳಿಸುವುದೆಂದರೆ ಅದರ ಸಂಕೋಲೆಯನ್ನೂ ಉಳಿಸುವುದಲ್ಲ. ಅಷ್ಟನ್ನು ಪೊಲ್ಯಾನಿಚ್ಕೊ ಮಾಡಿ ತೋರಿಸಿದ್ದಾರೆ.

ಸಿಕ್ಕರೆ ನೀವೂ ಕೇಳಿ. ಮೊದಲು ನಿಧಾನವಾದ ಗೀತೆಗಳನ್ನೇ ಕೇಳಿ.