ಬ್ರೂಸ್ ಕುಲನಾಮ: ಊರು, ವಲಸೆ ಮತ್ತು ಐತಿಹ್ಯ

ಕುಲನಾಮಗಳ ಅಧ್ಯಯನವು ಬಹುಕಾಲ ಸ್ಥಳನಾಮ ಅಧ್ಯಯನದ ನೆರಳಿನಲ್ಲಿಯೇ ಬೆಳೆದು ಬಂದಿದೆ. ಮನೆತನದ ಹೆಸರು ಒಂದು ಊರನ್ನು ಸೂಚಿಸಿದರೆ ಆ ಊರೇ ಮನೆತನದ ಮೂಲವೆಂದೂ, ಅದೇ ಹೆಸರು ಮತ್ತೊಂದು ನಾಡಿನಲ್ಲಿ ಕಂಡುಬಂದರೆ ಅಲ್ಲಿಗೆ ಅದೇ ರಕ್ತದವರು ವಲಸೆ ಹೋದರೆಂದೂ ತೀರ್ಮಾನಿಸುವ ರೂಢಿ ನಮ್ಮಲ್ಲಿಯೂ ಬಲವಾಗಿದೆ. ಉತ್ತರ ಕರ್ನಾಟಕದ ಊರುಮೂಲದ ಅಡ್ಡಹೆಸರುಗಳನ್ನು ಕುರಿತ ಅನೇಕ ಬರಹಗಳು ಈ ಎರಡು ಹೆಜ್ಜೆಗಳನ್ನು ಒಂದೇ ಹೆಜ್ಜೆಯೆಂದು ಭಾವಿಸಿವೆ. ಈ ಗ್ರಹಿಕೆಯನ್ನು ಒರೆಗೆ ಹಚ್ಚಲು ದಾಖಲೆಗಳೂ ಐತಿಹ್ಯಗಳೂ ಸಮನಾಗಿ ಹೇರಳವಾಗಿರುವ ಕುಲನಾಮವೊಂದು ಬೇಕಾಗುತ್ತದೆ. ಇಂಗ್ಲೆಂಡಿನ ನಾರ್ಮನ್ ಮೂಲದ ಹೆಸರುಗಳಲ್ಲಿ ‘ಬ್ರೂಸ್’ ಅಂಥದ್ದು. ಜೇಡನನ್ನು ನೋಡಿ ಛಲ ಕಲಿತ ರಾಜನ ಕಥೆಯ ಮೂಲಕ ಕನ್ನಡ ಓದುಗರಿಗೂ ಈ ಹೆಸರು ಅಪರಿಚಿತವಲ್ಲ. ಸ್ಕಾಟ್ಲೆಂಡಿನ ರಾಜವಂಶದ ಹೆಸರೆಂದು ಪ್ರಸಿದ್ಧವಾದ ಇದು ಅಲ್ಲಿಗೆ ಹೋಗುವ ಮುನ್ನ ಇಂಗ್ಲೆಂಡಿನ ಯಾರ್ಕ್‌ಷೈರಿನ ಹೆಸರಾಗಿತ್ತು. ಅದಕ್ಕೂ ಮುನ್ನ ಫ್ರಾನ್ಸಿನ ಒಂದು ಹಳ್ಳಿಯ ಹೆಸರಾಗಿತ್ತು.

ನಾರ್ಮಂಡಿಯ ಕೋತಾಂತಾ ಪರ್ಯಾಯ ದ್ವೀಪದಲ್ಲಿ, ಷೆರ್‌ಬುರ್ಗ್ ಬಂದರಿನ ದಕ್ಷಿಣಕ್ಕೆ, ಬ್ರಿಕ್ಸ್ ಎಂಬ ಊರಿದೆ. ಹಳೆಯ ಲ್ಯಾಟಿನ್ ದಾಖಲೆಗಳ ‘ಬ್ರೂಸ್’, ‘ಬ್ರೂಯಿಸ್’ ರೂಪಗಳು ಈ ಊರಿನವು. ‘ಬ್ರೂಸ್‌ನ ರಾಬರ್ಟ್’ ಎಂದರೆ ಆ ಊರಿನ ಒಡೆಯ ರಾಬರ್ಟ್ ಎಂದಷ್ಟೇ ಅರ್ಥ. ಇದರ ಬಗೆಗೆ ಇಂದು ವಿವಾದವಿಲ್ಲ. ವಿವಾದವಿರುವುದು ಆ ರಾಬರ್ಟ್ ಸಮುದ್ರ ದಾಟಿದ್ದು ಯಾವಾಗ ಎಂಬುದರಲ್ಲಿ.

ಹತ್ತೊಂಬತ್ತನೆಯ ಶತಮಾನದ ವಂಶಾವಳಿ ಗ್ರಂಥಗಳು ಅವನನ್ನು 1066ರಲ್ಲಿ ವಿಲಿಯಂನ ದಂಡಿನೊಂದಿಗೇ ಬರಮಾಡಿಕೊಳ್ಳುತ್ತವೆ. ‘ವಿಜಯಿ ವಿಲಿಯಂನೊಂದಿಗೆ ಬಂದವರು’ ಎಂಬುದು ಇಂಗ್ಲಿಷ್ ಮನೆತನಗಳ ಐತಿಹ್ಯಗಳಲ್ಲಿ ಅತ್ಯಂತ ವ್ಯಾಪಕವಾದ ಆಶಯ. ಆದರೆ ಹೇಸ್ಟಿಂಗ್ಸ್ ಕಾಳಗದಲ್ಲಿ ವಿಲಿಯಂನ ಪಕ್ಷದಲ್ಲಿದ್ದರೆಂದು ಸಮಕಾಲೀನ ಆಕರಗಳಿಂದ ಹೆಸರು ಹಿಡಿದು ಹೇಳಬಹುದಾದವರು ಹೆಚ್ಚೆಂದರೆ ಮೂವತ್ತು ನಲವತ್ತು ಮಂದಿ. ಕಾಳಗ ನಡೆದ ಸ್ಥಳದಲ್ಲಿ ಕಟ್ಟಿದ ಮಠದ್ದೆನ್ನಲಾದ ‘ಬ್ಯಾಟಲ್ ಅಬೆ ಪಟ್ಟಿ’ಯಲ್ಲಿ ನೂರಾರು ಹೆಸರುಗಳಿವೆ, ಅದರ ಮೂಲ ಪ್ರತಿ ಉಳಿದಿಲ್ಲ, ಹದಿನಾರನೆಯ ಶತಮಾನದಲ್ಲಿ ದೊರೆತ ಪಾಠಗಳು ಒಂದಕ್ಕೊಂದು ಹೊಂದುವುದಿಲ್ಲ. ಪ್ರತಿಷ್ಠೆ ಬಯಸಿದ ಮನೆತನಗಳ ಹೆಸರುಗಳು ಕಾಲಕಾಲಕ್ಕೆ ಅದರೊಳಗೆ ಸೇರುತ್ತ ಬಂದಿವೆಯೆಂಬ ಸಂಶಯ ಬಹಳ ಹಳೆಯದು. ಬರವಣಿಗೆಯಲ್ಲಿದ್ದರೂ ಇದರ ಸ್ವಭಾವ ಮೌಖಿಕ ಪಠ್ಯದ್ದೇ. ಹೇಳುವವನು ಕೇಳುವವನ ಮನೆತನವನ್ನು ಕಥೆಯೊಳಗೆ ಕೂರಿಸುವ ಪದ್ಧತಿಯನ್ನು ಬಲ್ಲ ಜಾನಪದ ವಿದ್ಯಾರ್ಥಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಇದಕ್ಕಿಂತ ಕುತೂಹಲಕರವಾದುದು 1086ರ ಡೂಮ್ಸ್‌ಡೇ ಪುಸ್ತಕದ ಸಾಕ್ಷ್ಯ. ಅದರ ಯಾರ್ಕ್‌ಷೈರ್ ಭಾಗದಲ್ಲಿ ರಾಬರ್ಟ್ ದ ಬ್ರೂಸ್‌ನ ಜಹಗೀರಿಯ ವಿವರ ಸಿಗುತ್ತದೆ. ಇದನ್ನು ಆಧಾರವಾಗಿಟ್ಟುಕೊಂಡು, ಇಪ್ಪತ್ತು ವರ್ಷಗಳೊಳಗೆ ಇಷ್ಟು ಭೂಮಿ ಪಡೆದವನು ವಿಲಿಯಂನೊಂದಿಗೆ ಬಂದವನೇ ಇರಬೇಕೆಂದು ಹಿಂದಿನ ವಿದ್ವಾಂಸರು ವಾದಿಸಿದರು. ಆದರೆ ಆ ವಿವರ ಭಾಗದ ಕೊನೆಯಲ್ಲಿ ಬೇರೊಂದು ಕೈಯಿಂದ, ಹನ್ನೆರಡನೆಯ ಶತಮಾನದಲ್ಲಿ ಸೇರಿಸಲ್ಪಟ್ಟ ಪ್ರಕ್ಷಿಪ್ತ. ಸೇರಿಸಿದ ಲಿಪಿಕಾರ ಅದನ್ನು ಮುಚ್ಚಿಟ್ಟಿಲ್ಲ; ಪುಸ್ತಕ ಬರೆದು ಮುಗಿದ ಮೇಲೆ ಕೊಟ್ಟ ಜಹಗೀರಿಯಿದು ಎಂದು ಅಲ್ಲಿಯೇ ಬರೆದಿದ್ದಾನೆ. ಬೇಕಾದುದನ್ನು ಮಾತ್ರ ಓದಿಕೊಂಡವರು ನಂತರದವರು. ಎತ್ತಿನ ಮೇಲೆ ಬಂದು ವಂಶ ಹೇಳುವ ಹೆಳವರ ಮಾತನ್ನು ನಂಬಲಾಗದೆಂದು ಬದಿಗಿಟ್ಟು, ಕಡತವೆಂದೊಡನೆ ತಲೆಬಾಗುವ ಸಂಶೋಧಕರು ಈ ಪ್ರಸಂಗವನ್ನು ಗಮನಿಸಬೇಕು. ಈಗಿನ ಸಂಶೋಧನೆ, ಮುಖ್ಯವಾಗಿ 2005ರಲ್ಲಿ ಪ್ರಕಟವಾದ ರೂತ್ ಬ್ಲೇಕ್ಲಿಯವರ ಗ್ರಂಥ, ರಾಬರ್ಟನು ವಿಲಿಯಂನ ಮಗ ಮೊದಲನೆಯ ಹೆನ್ರಿಯ ಆಶ್ರಿತನಾಗಿ 1100ರ ಸುಮಾರಿಗೆ ಬೆಳಕಿಗೆ ಬಂದವನೆಂದು ತೋರಿಸಿಕೊಟ್ಟಿದೆ. ಅಂದರೆ ಅವನದು ವಿಜಯದ ವಲಸೆಯಲ್ಲ, ಉದ್ಯೋಗದ ವಲಸೆ.

ಹೆನ್ರಿಯ ಆಸ್ಥಾನದಲ್ಲಿಯೇ ಬೆಳೆದ ಡೇವಿಡ್ ಮುಂದೆ ಸ್ಕಾಟ್ಲೆಂಡಿನ ದೊರೆಯಾದನು. 1124ರಲ್ಲಿ ಅವನು ರಾಬರ್ಟನಿಗೆ ಗಡಿನಾಡಾದ ಆನಂಡೇಲ್ ಕಣಿವೆಯನ್ನು ದತ್ತಿಯಾಗಿ ಕೊಟ್ಟನು. ಹೀಗೆ ಒಂದೇ ಮನೆತನ ಇಬ್ಬರು ದೊರೆಗಳ ಒಕ್ಕಲಾಯಿತು. 1138ರ ‘ಧ್ವಜದ ಕಾಳಗ’ದಲ್ಲಿ ವೃದ್ಧ ರಾಬರ್ಟ್ ಡೇವಿಡನಿಗೆ ಕೊಟ್ಟಿದ್ದ ನಿಷ್ಠೆಯನ್ನು ಹಿಂತೆಗೆದುಕೊಂಡು ಇಂಗ್ಲಿಷರ ಕಡೆ ನಿಂತರೆ, ಅದೇ ಹೆಸರಿನ ಅವನ ಕಿರಿಯ ಮಗ ಆನಂಡೇಲಿನ ಒಡೆಯನಾಗಿ ಎದುರು ಪಕ್ಷದಲ್ಲಿದ್ದನು. ಹಿರಿಯ ಶಾಖೆ ಯಾರ್ಕ್‌ಷೈರಿನ ಸ್ಕೆಲ್ಟನ್‌ನಲ್ಲಿ ಉಳಿದು 1272ರಲ್ಲಿ ಗಂಡುಸಂತತಿಯಿಲ್ಲದೆ ಕೊನೆಗೊಂಡಿತು. ಆಸ್ತಿ ನಾಲ್ವರು ಸೋದರಿಯರಿಗೆ ಹಂಚಿಹೋಯಿತು.

ಆನಂಡೇಲ್ ಶಾಖೆಯ ಸುತ್ತ ಬೆಳೆದ ಐತಿಹ್ಯಗಳಲ್ಲಿ ಎರಡು ವಿಶೇಷವಾಗಿ ಪರಿಶೀಲನಾರ್ಹ. ಮೊದಲನೆಯದು ಗೋಧಿಯ ಕಥೆ. ಆನಂಡೇಲಿನಲ್ಲಿ ಗೋಧಿ ಬೆಳೆಯುವುದಿಲ್ಲ, ತಿನ್ನಲು ಗೋಧಿಯ ರೊಟ್ಟಿಯಿಲ್ಲ ಎಂದು ಕಿರಿಯ ರಾಬರ್ಟ್ ತಂದೆಯ ಬಳಿ ದೂರಿದನಂತೆ. ತಂದೆ ಇಂಗ್ಲೆಂಡಿನ ಹಾರ್ಟ್ ಸೀಮೆಯನ್ನು ಅವನಿಗೆ ಬಿಟ್ಟುಕೊಟ್ಟನಂತೆ. ಗಡಿಯ ಎರಡೂ ಬದಿ ಒಬ್ಬನಿಗೇ ಭೂಮಿ ಇದ್ದುದರ ರಾಜಕೀಯ ತೊಡಕನ್ನು ಈ ಕಥೆ ಅನ್ನದ ಮಾತಿನಲ್ಲಿ ಬಿಡಿಸುತ್ತದೆ. ಎರಡನೆಯದು ಶಾಪದ ಕಥೆ. ಐರ್ಲೆಂಡಿನ ಸಂತ ಮಲಾಕಿ ಆನನ್ ಊರಿನಲ್ಲಿ ತಂಗಿದ್ದಾಗ ಒಬ್ಬ ಕಳ್ಳನನ್ನು ಉಳಿಸಲು ಬೇಡಿಕೊಂಡನು. ಬ್ರೂಸ್ ಒಪ್ಪಿದಂತೆ ನಟಿಸಿ ಕಳ್ಳನನ್ನು ಗಲ್ಲಿಗೇರಿಸಿದನು. ಸಂತ ಮನೆತನವನ್ನೂ ಊರನ್ನೂ ಶಪಿಸಿದನು. ಲ್ಯಾನರ್‌ಕೋಸ್ಟ್ ಮಠದ ವೃತ್ತಾಂತ ಇದನ್ನು ದಾಖಲಿಸಿದೆ. ಸುಮಾರು ನೂರಿಪ್ಪತ್ತು ವರ್ಷಗಳ ಬಳಿಕ ಆ ವಂಶದ ಮತ್ತೊಬ್ಬ ರಾಬರ್ಟ್, ಮಲಾಕಿಯ ಸಮಾಧಿಯಿರುವ ಕ್ಲೇರ್ವೋ ಮಠಕ್ಕೆ ಹೋಗಿ, ಅಲ್ಲಿ ದೀಪ ಉರಿಸಲು ಭೂಮಿಯನ್ನು ಬಿಟ್ಟನು. ಶಾಪ ಕಥೆಯಾಗಿದ್ದಿರಬಹುದು, ದೀಪದ ದತ್ತಿ ಮಾತ್ರ ವಾಸ್ತವ. ಐತಿಹ್ಯವೊಂದು ಜನರ ನಡೆಯನ್ನು ಹೇಗೆ ನಿರ್ಧರಿಸುತ್ತದೆಂಬುದಕ್ಕೆ ಇಷ್ಟು ಸ್ಪಷ್ಟ ನಿದರ್ಶನ ದೊರೆಯುವುದು ಅಪರೂಪ.

ಈ ಎರಡು ಕಥೆಗಳಲ್ಲಿ ಬ್ರಿಕ್ಸ್ ಎಲ್ಲಿಯೂ ಇಲ್ಲ. ಬಿಟ್ಟುಬಂದ ಊರನ್ನು ಹೆಸರು ಹೊತ್ತಿದೆ, ಕಥೆ ಮರೆತಿದೆ. ಕಥೆಗೆ ಬೇಕಾದುದು ನೆಲೆಸಿದ ನೆಲದ ಮೇಲಿನ ಹಕ್ಕು. ಮೂಲವನ್ನು ಹುಡುಕಿದ ನಂತರದ ವಂಶಾವಳಿಕಾರರು ಕೂಡ ಬ್ರಿಕ್ಸ್‌ಗೆ ತೃಪ್ತರಾಗದೆ ಆರ್ಕ್ನಿ ದ್ವೀಪಗಳ ನಾರ್ಸ್ ನಾಯಕ ಬ್ರೂಸಿಯವರೆಗೆ ಹೋದರು. ಧ್ವನಿಸಾಮ್ಯದ ಹೊರತು ಅದಕ್ಕೆ ಆಧಾರವಿಲ್ಲ. ಬ್ರಿಯೂಜ್ ಎಂಬ ಬೇರೆ ಊರಿನಿಂದ ಬಂದು ಸಸೆಕ್ಸ್ ಮತ್ತು ವೇಲ್ಸ್‌ಗಳಲ್ಲಿ ಬೆಳೆದ ಬ್ರೌಸ್ ಮನೆತನವನ್ನೂ ಇದರೊಂದಿಗೆ ಬೆರೆಸಿದ ಬರಹಗಳಿವೆ.

ಮೂಲದ ಪ್ರಶ್ನೆ ತೀವ್ರವಾದುದು ಸಿಂಹಾಸನದ ಪ್ರಶ್ನೆ ಎದ್ದಾಗ. ಬ್ರೂಸರಿಗೆ ಸ್ಕಾಟ್ಲೆಂಡಿನ ಪಟ್ಟದ ಮೇಲಿದ್ದ ಹಕ್ಕು ನಾರ್ಮನ್ ತಂದೆಯರಿಂದ ಬಂದುದಲ್ಲ. ಡೇವಿಡ್ ದೊರೆಯ ಮೊಮ್ಮಗನ ಮಗಳು ಇಸಬೆಲ್‌ಳಿಂದ ಬಂದುದು. 1306ರಲ್ಲಿ ಪಟ್ಟವೇರಿದ ರಾಬರ್ಟ್ ಬ್ರೂಸ್‌ನ ತಾಯಿ ಮಾರ್ಜೊರಿ, ಗೇಲಿಕ್ ನುಡಿಯ ಕ್ಯಾರಿಕ್ ಸೀಮೆಗೆ ಸ್ವತಃ ಒಡತಿ. ಬೇಟೆಯಲ್ಲಿದ್ದಾಗ ಎದುರಾದ ಯುವಕನನ್ನು ಅವಳೇ ತನ್ನ ಕೋಟೆಗೆ ಒಯ್ದು ಮದುವೆಯಾದಳೆಂಬ ಐತಿಹ್ಯವನ್ನು ಹದಿನಾಲ್ಕನೆಯ ಶತಮಾನದ ಫೋರ್ಡನ್ ಬರೆದಿಟ್ಟಿದ್ದಾನೆ. ದೊರೆಯಾದ ಮೇಲೆ ರಾಬರ್ಟ್ ಐರಿಷ್ ಅರಸರಿಗೆ ಬರೆದ ಪತ್ರದಲ್ಲಿ ತಮ್ಮದೂ ಅವರದೂ ಒಂದೇ ಮೂಲವೆಂದು ಹೇಳಿಕೊಂಡುದು ಈ ತಾಯಿಯ ಬಲದಿಂದಲೇ. ಅವನ ಮಗ ಎರಡನೆಯ ಡೇವಿಡ್ 1371ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಪಟ್ಟ ಹೋದುದೂ ಹೆಣ್ಣುಸಂತತಿಗೆ: ರಾಬರ್ಟನ ಮಗಳು, ಅಜ್ಜಿಯ ಹೆಸರನ್ನೇ ಪಡೆದ ಮಾರ್ಜೊರಿಯ ಮಗನಿಗೆ. ಅಲ್ಲಿಂದ ಮುಂದಿನದು ಸ್ಟೂವರ್ಟ್ ವಂಶ. ಕುಲನಾಮ ಗಂಡಿನ ಹಿಂದೆ ನಡೆದಿದೆ, ಹಕ್ಕು ಹೆಣ್ಣಿನ ಹಿಂದೆ ನಡೆದಿದೆ. ಕುಲನಾಮವನ್ನಷ್ಟೇ ಹಿಡಿದು ವಂಶದ ಚರಿತ್ರೆ ಬರೆಯಲು ಹೊರಟವರು ಕಾಣದೆ ಹೋಗುವುದು ಈ ಎರಡನೆಯ ದಾರಿಯನ್ನು.

1320ರ ಆರ್‌ಬ್ರೋತ್ ಘೋಷಣೆ ಈ ದೃಷ್ಟಿಯಿಂದ ಮರುಓದಿಗೆ ಅರ್ಹ. ಪೋಪರಿಗೆ ಕಳುಹಿಸಿದ ಈ ಪತ್ರವು ಸ್ಕಾಟರು ಮಹಾ ಸಿಥಿಯಾದಿಂದ ಹೊರಟು, ಸ್ಪೇನಿನಲ್ಲಿ ನೆಲೆಸಿ, ಅಲ್ಲಿಂದ ಬಂದವರೆಂಬ ವಲಸೆಯ ಪುರಾಣವನ್ನು ಹೇಳುತ್ತದೆ. ಅದಕ್ಕೆ ಮುದ್ರೆಯೊತ್ತಿದವರ ಪೈಕಿ ಮೌಬ್ರೆ, ಸಿಂಕ್ಲೇರ್, ಅಂಫ್ರವಿಲ್ ಮುಂತಾದ ಹೆಸರಿನವರಿದ್ದರು. ಹೆಸರು ಫ್ರಾನ್ಸಿನದು, ಒಪ್ಪಿಕೊಂಡ ಪೂರ್ವಜರು ಸಿಥಿಯಾದವರು! ಇದನ್ನು ಕಪಟವೆಂದು ಕರೆದ ವಿಮರ್ಶಕರಿದ್ದಾರೆ. ಆದರೆ ಎರಡು ಶತಮಾನ ಒಂದು ನೆಲದಲ್ಲಿ ಬಾಳಿದವರು ಆ ನೆಲದ ಮೂಲಪುರಾಣವನ್ನು ತಮ್ಮದಾಗಿಸಿಕೊಳ್ಳುವುದು ಕಪಟಕ್ಕಿಂತ ಒಕ್ಕಲಾಗುವ ಕ್ರಮವೆನ್ನುವುದೇ ಸರಿಯಾದೀತು.

ಜೇಡನ ಕಥೆಗೆ ಹೆಚ್ಚು ಮಾತು ಬೇಕಿಲ್ಲ. 1375ರ ಸುಮಾರಿಗೆ ಬಾರ್ಬರ್ ಕವಿ ರಚಿಸಿದ ಬ್ರೂಸ್ ಕಾವ್ಯದಲ್ಲಿ ಜೇಡವಿಲ್ಲ. ಹದಿನೇಳನೆಯ ಶತಮಾನದ ಡಗ್ಲಸ್ ಮನೆತನದ ಚರಿತ್ರೆಯಲ್ಲಿ ಜೇಡನನ್ನು ಕಂಡವನು ಬ್ರೂಸ್‌ನ ಸಂಗಾತಿ ಡಗ್ಲಸ್. ಅದನ್ನು ದೊರೆಯ ಕಥೆಯಾಗಿ ಲೋಕವ್ಯಾಪಿಗೊಳಿಸಿದವನು 1828ರಲ್ಲಿ ವಾಲ್ಟರ್ ಸ್ಕಾಟ್. ಇಂದು ಒಂದಕ್ಕಿಂತ ಹೆಚ್ಚು ಗುಹೆಗಳು ‘ಅದೇ ಗುಹೆ’ ಎನಿಸಿಕೊಂಡಿವೆ.

ರಾಜಶಾಖೆ ಅಳಿದ ಮೇಲೂ ಹೆಸರು ಉಳಿಯಿತು. ಕ್ಲಾಕ್‌ಮ್ಯಾನನ್‌ನ ಬ್ರೂಸರನ್ನು 1359ರ ದತ್ತಿಪತ್ರದಲ್ಲಿ ದೊರೆ ‘ಬಂಧು’ ಎಂದು ಕರೆದಿದ್ದಾನೆ. ಎಂಥ ಬಂಧು ಎಂಬುದನ್ನು ಹೇಳಿಲ್ಲ. ಆ ಒಂದು ಪದದ ಮೇಲೆ ಎಲ್ಗಿನ್ ಅರ್ಲ್‌ಗಳವರೆಗಿನ ಶಾಖೋಪಶಾಖೆಗಳು ನಿಂತಿವೆ. 1787ರಲ್ಲಿ ಕ್ಲಾಕ್‌ಮ್ಯಾನನ್ ಗೋಪುರಕ್ಕೆ ಬಂದ ಕವಿ ರಾಬರ್ಟ್ ಬರ್ನ್ಸ್‌ನಿಗೆ ತೊಂಬತ್ತು ದಾಟಿದ ಕ್ಯಾಥರಿನ್ ಬ್ರೂಸ್ ಎಂಬ ವೃದ್ಧೆ, ರಾಬರ್ಟ್ ದೊರೆಯದೆಂದು ಕಾಪಾಡಿಕೊಂಡು ಬಂದ ಕತ್ತಿಯಿಂದ ವೀರಪದವಿ ನೀಡಿದಳು. ಕಾನೂನಿನ ಪ್ರಕಾರ ಅವಳಿಗೆ ಆ ಅಧಿಕಾರವಿರಲಿಲ್ಲ. ಆಚರಣೆಯ ಪ್ರಕಾರ ಇತ್ತು. ಅವಳು 1791ರಲ್ಲಿ ತೀರಿಕೊಂಡಳು.

ಅದೇ ವರ್ಷ ರಷ್ಯಾದ ಬ್ರೂಸ್ ಕೌಂಟ್‌ಗಳ ಗಂಡುಸಂತತಿಯೂ ಮುಗಿಯಿತು. ಹದಿನೇಳನೆಯ ಶತಮಾನದ ನಡುವೆ ಸೈನಿಕ ಚಾಕರಿಗೆ ಹೋದ ವಿಲಿಯಂ ಬ್ರೂಸ್‌ನ ಮಗ ಯಾಕೊವ್, ಪೀಟರ್ ದೊರೆಯ ಫಿರಂಗಿದಳದ ಮುಖ್ಯಸ್ಥ, ಖಗೋಳಾಸಕ್ತ. ಮಾಸ್ಕೋದ ಜನಪದರು ಅವನನ್ನು ಮಂತ್ರವಾದಿಯಾಗಿಸಿದರು. ಅವನು ನಕ್ಷತ್ರ ನೋಡುತ್ತಿದ್ದ ಸುಖರೆವ್ ಗೋಪುರ ಮಾಯಾಗ್ರಂಥವೊಂದರ ಅಡಗುದಾಣವಾಯಿತು. ಅವನ ಹೆಸರಿನ ಪಂಚಾಂಗ ಮನೆಮನೆಗಳಲ್ಲಿ ಭವಿಷ್ಯ ಹೇಳಿತು. 1934ರಲ್ಲಿ ಗೋಪುರವನ್ನು ಕೆಡವಲಾಯಿತು, ಕಥೆಗಳು ಉಳಿದುಕೊಂಡವು. ಬ್ರಿಕ್ಸ್‌ನ ಹೆಸರಿಗೆ ಅತಿ ಸಮೃದ್ಧವಾದ ಜನಪದ ಕಥಾಚಕ್ರ ದೊರೆತದ್ದು ಹೀಗೆ, ಆ ವಂಶದ ನುಡಿಯನ್ನಾಗಲಿ ಊರನ್ನಾಗಲಿ ಅರಿಯದ ಜನರ ಬಾಯಲ್ಲಿ.

2000ದ ದಶಕದಲ್ಲಿ ಬ್ರಿಟನ್ನಿನಲ್ಲಿ ನಡೆದ ವೈ-ವರ್ಣತಂತು ಅಧ್ಯಯನಗಳು ವಿರಳ ಕುಲನಾಮಗಳಲ್ಲಿ ಮಾತ್ರ ಸಮಾನ ಪೂರ್ವಜನ ಸಾಧ್ಯತೆ ಹೆಚ್ಚೆಂದೂ, ವ್ಯಾಪಕ ಕುಲನಾಮಗಳಲ್ಲಿ ಅದು ಬಹಳ ಕಡಿಮೆಯೆಂದೂ ತೋರಿಸಿವೆ. ಹೆಸರುಗಳು ಒಕ್ಕಲುತನದಿಂದ, ದಾಸ್ಯದಿಂದ, ಆಶ್ರಯದಿಂದ, ಅಭಿಮಾನದಿಂದ ಕೈ ಬದಲಾಯಿಸುತ್ತವೆ. ‘ಬ್ರೂಸ್’ ಅಂತೂ ಹತ್ತೊಂಬತ್ತನೆಯ ಶತಮಾನದಲ್ಲಿ ಕುಲನಾಮದ ಗಡಿಯನ್ನೇ ದಾಟಿ ಮಕ್ಕಳಿಗಿಡುವ ಹೆಸರಾಯಿತು. 1863ರಲ್ಲಿ, ಎಲ್ಗಿನ್‌ನ ಎಂಟನೆಯ ಅರ್ಲ್ ಜೇಮ್ಸ್ ಬ್ರೂಸ್ ಭಾರತದ ವೈಸರಾಯ್ ಆಗಿದ್ದು ಧರ್ಮಶಾಲೆಯಲ್ಲಿ ಕೊನೆಯುಸಿರೆಳೆದ ವರ್ಷ, ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಅವರ ಕುಲನಾಮ ಫೂಟ್. ಬ್ರೂಸ್ ನಡುವಿನ ಹೆಸರು. ಮುಂದೆ ಬಳ್ಳಾರಿ ಸೀಮೆಯ ಸಂಗನಕಲ್ಲು, ಕುಪ್ಪಗಲ್ಲುಗಳ ನವಶಿಲಾಯುಗದ ನೆಲೆಗಳನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿದವರೂ ಅವರೇ. ಕರ್ನಾಟಕದ ಪ್ರಾಗಿತಿಹಾಸದ ಗ್ರಂಥಸೂಚಿಗಳಲ್ಲಿ ಆ ನಾರ್ಮನ್ ಹಳ್ಳಿಯ ಹೆಸರು ಇಂದಿಗೂ ಹೀಗೆ, ರಾಬರ್ಟ್ ಮತ್ತು ಫೂಟ್‌ಗಳ ನಡುವೆ, ಅಚ್ಚಾಗುತ್ತಿದೆ.